ಡಬ್ಬಿ ಸಾಲಿನಲ್ಲಿ ಕಳೆದ ಉಂಗುರ

ಮೆಟ್ಟಿಲು ಹತ್ತಿ ಬಂದ ಸಲೂನಿನವನ ಮುಖ ಬಿಳಿಚಿಕೊಂಡಿತ್ತು. "ಅಮ್ಮಾ, ಬೇಕರಿಯವರು ನನ್ನ ಕಳ್ಳ ಅಂದುಬಿಟ್ರು. ಬೀದಿಗೆಲ್ಲ ಕೇಳೋ ಹಾಗೆ. ಇನ್ನು ನನ್ನ ಕತ್ತಿಗೆ ಯಾರು ಕುತ್ತಿಗೆ ಕೊಡ್ತಾರೆ?"

ದೊಡ್ಡಮ್ಮ ಈ ಮನೆಯ ಒಡತಿ. ಮೇಲೆ ಅವಳು ಮತ್ತು ನಾನು, ಕೆಳಗೆ ಬಾಡಿಗೆಗೆ ಪ್ರೋಗ್ರಾಮಿಂಗ್ ತರಗತಿ. ಬೀದಿಯಲ್ಲಿ ಯಾರದು ಏನು ಕಳೆದರೂ ಜನ ಅವಳ ಹತ್ತಿರವೇ ಬರುತ್ತಿದ್ದರು. ಓಡಾಟವೆಲ್ಲ ನನ್ನ ತಲೆಗೆ, ಹೊಗಳಿಕೆಯೆಲ್ಲ ಅವಳಿಗೆ. ಇರಲಿ, ಅದು ಬೇರೆ ಮಾತು.

ಆ ತರಗತಿಯಲ್ಲಿ ಬೇಕರಿಯವರು, ಸಲೂನಿನವನ ಜೊತೆ ನಾನೂ ಕಲಿಯುತ್ತಿದ್ದುದರಿಂದ ವಿಷಯವನ್ನು ನಾನೇ ವಿವರಿಸಿದೆ. ನಮ್ಮ ಮೇಷ್ಟ್ರಿಗೆ ಒಂದು ಹುಚ್ಚು. ಅರೇ, ಅಂದರೆ ಸಾಲಾಗಿ ಇಟ್ಟ ಮಾಹಿತಿ, ಎಂದರೇನೆಂದು ಕೈಗೆ ಹತ್ತುವವರೆಗೂ ಕೀಬೋರ್ಡ್ ಮುಟ್ಟಗೊಡುತ್ತಿರಲಿಲ್ಲ. ಅದಕ್ಕೇ ಕಪಾಟಿನ ಮೇಲೆ ಒಂದೇ ತರಹದ ಏಳು ಡಬ್ಬಿಗಳ ಸಾಲು, ಪ್ರತಿ ಡಬ್ಬಿಯೊಳಗೆ ಒಂದು ಸಂಖ್ಯೆ. ನಮ್ಮ ಮೊಬೈಲು, ಉಂಗುರ ಎಲ್ಲ ನಮ್ಮ ನಮ್ಮ ಸಂಖ್ಯೆಯ ಡಬ್ಬಿಗೆ ಹೋಗಬೇಕು. ಆಮೇಲೆ ಮೇಷ್ಟ್ರು ಡಬ್ಬಿಗಳನ್ನು ಹಿಂದುಮುಂದು ಮಾಡಿಬಿಡುವರು. ಸರದಿ ಬಂದವರು ಪಕ್ಕಪಕ್ಕದ ಎರಡನ್ನು ತೆರೆದು ನೋಡಿ, ದೊಡ್ಡ ಸಂಖ್ಯೆ ಎಡಕ್ಕಿದ್ದರೆ ಅದಲುಬದಲು ಮಾಡುತ್ತ ಸಾಲನ್ನು ಕ್ರಮಕ್ಕೆ ತರಬೇಕು. ಕೊನೆಯಲ್ಲಿ ಹುಡುಕಾಟ. ನಡುವಿನ ಡಬ್ಬಿ ತೆರೆಯಬೇಕು. ನಮ್ಮ ಸಂಖ್ಯೆ ಅದಕ್ಕಿಂತ ಚಿಕ್ಕದಾದರೆ ಬಲಗಡೆಯದನ್ನೆಲ್ಲ, ದೊಡ್ಡದಾದರೆ ಎಡಗಡೆಯದನ್ನೆಲ್ಲ ಬಿಟ್ಟು, ಉಳಿದುದರ ನಡುವೆ ಮತ್ತೆ ತೆರೆಯಬೇಕು. ಬಿಟ್ಟ ಭಾಗವನ್ನು ಮುಟ್ಟಿದರೆ ಮೇಷ್ಟ್ರು ಕೆಂಡವಾಗುವರು.

ಬೇಕರಿಯವರು ಉಂಗುರ ಇಟ್ಟ ಡಬ್ಬಿಯ ಸಂಖ್ಯೆ ನಲವತ್ತು. ನಡುವೆ ಎಪ್ಪತ್ತು ಸಿಕ್ಕಿತು, ಎಡಕ್ಕೆ ಹೋದರು. ಅಲ್ಲಿ ಅರವತ್ತು, ಇನ್ನೂ ಎಡಕ್ಕೆ ಇಪ್ಪತ್ತೈದು. ಅಲ್ಲಿಗೆ ತೆರೆಯಲು ಡಬ್ಬಿ ಉಳಿಯಲಿಲ್ಲ, ನಲವತ್ತು ಸಿಗಲಿಲ್ಲ. ಉಂಗುರ ಹೊಡೆದವನು ಸಂಖ್ಯೆಯನ್ನೂ ಬದಲಿಸಿದ್ದಾನೆಂದು ಅವರು ಕೂಗಾಡಿದರು. ಕಪಾಟಿನ ಪಕ್ಕ ಕೂತಿದ್ದವನು ಸಲೂನಿನವನು.

"ಮಿಕ್ಕ ಡಬ್ಬಿ ತೆಗೆದು ನೋಡಿದ್ರಾ?" ಎಂದು ದೊಡ್ಡಮ್ಮ ಕೇಳಿದಳು.

ನನಗೆ ಅವಮಾನವೇ ಆಯಿತು. "ಅಲ್ಲಿ ಇರೋಕೆ ಸಾಧ್ಯವೇ ಇಲ್ಲ ದೊಡ್ಡಮ್ಮ. ನಾವು ಕಲಿತಿರೋದೇ ಅದು."

ಅವಳು ಇನ್ನಷ್ಟು ಕೆದಕಿದಳು. ಇವತ್ತು ಜೋಡಿಸಿದ್ದು ಬೇಕರಿಯವರೇ, ಚಹಾ ಬರುವುದರೊಳಗೆ ಮುಗಿಸಿ ಬೀಗಿದ್ದರು ಎಂದೆ. ನಿನ್ನೆ ಸಲೂನಿನವನು ಜೋಡಿಸುವಷ್ಟರಲ್ಲಿ ಚಹಾ ಆರಿ ನೀರಾಗಿತ್ತು. ಮೇಷ್ಟ್ರು ಇವತ್ತು ಕೊನೆಯ ಡಬ್ಬಿಯೊಂದನ್ನೇ ನೋಡಿ, ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಅಲ್ಲಿದ್ದುದಕ್ಕೆ ಭೇಷ್ ಎಂದಿದ್ದರು.

ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. "ನಡಿ. ಡಬ್ಬಿ ನಾವು ಮುಟ್ಟೋದು ಬೇಡ. ಇವನೇ ಕದ್ದು ನಮ್ಮ ಕೈಲಿ ವಾಪಸ್ ಇಡಿಸಿದ ಅಂತಾರೆ."

ಕೆಳಗೆ ಎಲ್ಲರೂ ಸೇರಿದರು. ಸಲೂನಿನವನನ್ನು ಬಾಗಿಲಲ್ಲೇ ನಿಲ್ಲಿಸಿ, ಸಾಲನ್ನು ಇನ್ನೊಂದು ಸಲ ಜೋಡಿಸಿ ತೋರಿಸಿ ಎಂದು ದೊಡ್ಡಮ್ಮ ಬೇಕರಿಯವರಿಗೆ ಹೇಳಿದಳು. ಆಗಲೇ ಜೋಡಿಸಿದ್ದೀನಲ್ಲ ಎಂದು ಗೊಣಗುತ್ತಲೇ ಅವರು ಶುರುಮಾಡಿದರು. ಅರವತ್ತರ ಬಲಕ್ಕೆ ಹದಿನೈದು ಕಂಡಾಗ ಕೆಮ್ಮಿದರು. ಎಪ್ಪತ್ತರ ಬಲಕ್ಕೆ ಐವತ್ತೈದು ಕಂಡಾಗ ಬೆವರು ಒರೆಸಿಕೊಂಡರು. ಅದರಾಚೆಯ ಡಬ್ಬಿಯಲ್ಲಿ ನಲವತ್ತು ಇತ್ತು, ಉಂಗುರವೂ ಇತ್ತು.

"ಸಾಲಿನುದ್ದಕ್ಕೂ ಎಷ್ಟು ಸಲ ಹೋಗಿ ಬಂದಿರಿ?" ಎಂದಳು ದೊಡ್ಡಮ್ಮ.

"ಒಂದೇ ಸಲ. ಒಲೆಯಲ್ಲಿ ಬಿಸ್ಕತ್ತಿತ್ತು, ಬೇಗ ಹೋಗಬೇಕಿತ್ತು."

ಆಗ ದೊಡ್ಡಮ್ಮ ಬಿಡಿಸಿ ಹೇಳಿದಳು. ಒಂದು ಸಲ ಹೋಗಿ ಬಂದರೆ ಎಲ್ಲಕ್ಕಿಂತ ದೊಡ್ಡದು ಮಾತ್ರ ಖಂಡಿತವಾಗಿ ಕೊನೆ ಸೇರುತ್ತದೆ. ಮಿಕ್ಕವು ಕ್ರಮಕ್ಕೆ ಬರಬೇಕಾದರೆ, ಬದಲಿಸಲು ಏನೂ ಉಳಿಯದವರೆಗೆ ಮತ್ತೆ ಮತ್ತೆ ಹೋಗಬೇಕು. ಮೇಷ್ಟ್ರು ನೋಡಿದ್ದು ಆ ಕೊನೆಯದನ್ನೇ. ಕ್ರಮವಿಲ್ಲದ ಸಾಲಿನಲ್ಲಿ ಅರ್ಧ ಬಿಟ್ಟು ಹುಡುಕಿದರೆ, ಬಿಟ್ಟ ಅರ್ಧದಲ್ಲೇ ವಸ್ತು ಇರಬಹುದು. ಕದ್ದವರು ಯಾರೂ ಇಲ್ಲ. ಮೇಷ್ಟ್ರು ಕಿಟಕಿಯ ಹೊರಗೆ ನೋಡತೊಡಗಿದರು, ನಾನು ನನ್ನ ಚಪ್ಪಲಿ ನೋಡಿಕೊಂಡೆ.

ಬೇಕರಿಯವರು ಬಾಯೊಳಗೇ ಏನೋ ಕ್ಷಮೆ ಎಂದರು. ಸಲೂನಿನವನ ಕಣ್ಣು ತುಂಬಿತ್ತು, ಆದರೂ ದನಿ ಗಟ್ಟಿಯಾಗಿತ್ತು. "ಕಳ್ಳ ಅಂತ ಬೀದಿಗೆಲ್ಲ ಕೇಳಿಸಿದ್ರಿ ಸ್ವಾಮಿ. ಇದನ್ನೂ ಕಿಟಕಿಯಿಂದಲೇ ಹೇಳಿ."

ಬೇಕರಿಯವರು ಕಿಟಕಿಯಿಂದ ತಲೆ ಹಾಕಿ, ಅವನು ಕಳ್ಳನಲ್ಲವೆಂದು ಕೂಗಿದರು. ಎದುರಿನ ಚಪ್ಪಲಿ ಅಂಗಡಿಯವನು ಕೆಲಸ ಬಿಟ್ಟು ಎದ್ದು ಬಂದು, ಹಾಗಾದರೆ ಏನಾಯಿತು ಎಂದು ಕೇಳಿದ. ಬೇಕರಿಯವರು ಬಿಸ್ಕತ್ತಿನಿಂದ ಹಿಡಿದು ಎಲ್ಲವನ್ನೂ ಹೇಳಲೇಬೇಕಾಯಿತು. ಸಲೂನಿನವನು ಕುರ್ಚಿ ಎಳೆದುಕೊಂಡು ಕೂತು, ಒಂದು ಮಾತೂ ಬಿಡದೆ ಕೇಳಿಸಿಕೊಂಡ.