ಹಿತ್ತಾಳೆ ಬಿಲ್ಲೆ, ನಂಬರ್ 417

"ನನ್ನ ಚೂರಿ ಎಲ್ಲಿ?!"

ಅರ್ಧ ಹೆಚ್ಚಿದ ಈರುಳ್ಳಿಯ ಮುಂದೆ ವಾರಿಜಾಕ್ಷಿ ನಿಂತುಬಿಟ್ಟಳು. ನೀರು ತಂದಿಡುವಷ್ಟರಲ್ಲಿ ಮಣೆಯ ಮೇಲಿದ್ದ ಚೂರಿ ಮಾಯವಾಗಿತ್ತು. ಅದು ಇದ್ದ ಜಾಗದಲ್ಲಿ ಒಂದು ಹಿತ್ತಾಳೆ ಬಿಲ್ಲೆ. ಅದರ ಮೇಲೆ 417 ಎಂದು ಕೊರೆದಿತ್ತು.

"ಇಲ್ಲೇ ಅದರಿ, ನನ್ನ ಹತ್ರ!" ಜೀಪಿನ ಕೆಳಗಿನಿಂದ ದನಿ ಬಂತು.

1973ರ ಜನವರಿ. ನಾಶಿಕದ ಕನ್ನಡ ಸಂಘದ ಹನ್ನೆರಡು ಮಂದಿ ಒಂದು ಜೀಪು, ಒಂದು ಮೆಟಡಾರ್ ವ್ಯಾನಿನಲ್ಲಿ ಪ್ರವಾಸ ಹೊರಟಿದ್ದರು. ಗೋದಾವರಿಯ ಹಿನ್ನೀರಿನ ನಡುಗಡ್ಡೆಯಲ್ಲಿ ಡೇರೆ ಹಾಕಿ ಎರಡು ದಿನ, ಆಮೇಲೆ ಎಲ್ಲೋರಾ, ಕೊನೆಗೆ ಔರಂಗಾಬಾದ್. ನೀರು ಇಳಿದಿತ್ತು, ಕಲ್ಲು ಹಾಸಿದ ದಾರಿಯ ಮೇಲೆ ಗಾಡಿಗಳು ನಡುಗಡ್ಡೆಯವರೆಗೂ ಬಂದಿದ್ದವು.

ಜೀಪಿನ ಕೆಳಗಿದ್ದವನು ಚಿದಂಬರ. ಗದಗಿನ ಕಡೆಯವನು, ಓಝರ್ ವಿಮಾನ ಕಾರ್ಖಾನೆಯಲ್ಲಿ ಕೆಲಸ. ದಾರಿಯುದ್ದಕ್ಕೂ ತುಟಿ ಬಿಚ್ಚದೆ ಜೀಪು ಓಡಿಸಿದವನು.

"ರೇಡಿಯೇಟರ್ ಪೈಪ್ ಸೀಳ್ಯದರಿ. ಕತ್ತರಿಸಿ ಕೂಡಸಬೇಕು. ಬಿಲ್ಲೆ ಇಟ್ಟೀನಲ್ರಿ?"

ಬಿಲ್ಲೆ ಇಟ್ಟಿದ್ದಾನಂತೆ!

ವಾರಿಜಾಳ ಮುಖ ಕೆಂಪಾಯಿತು. ಅವಳ ತಂದೆ ಭುಜಂಗಯ್ಯನವರ ಹೋಟೆಲಿನಲ್ಲೂ ಇಂಥವೇ ಬಿಲ್ಲೆಗಳಿದ್ದವು. ಗಿರಾಕಿ ಗಲ್ಲಾದಲ್ಲಿ ದುಡ್ಡು ಕೊಟ್ಟು ಬಿಲ್ಲೆ ಪಡೆಯುತ್ತಾನೆ, ಕೌಂಟರಿನಲ್ಲಿ ಅದನ್ನಿಟ್ಟು ಕಾಫಿ ಕುಡಿಯುತ್ತಾನೆ, ಬಾಯಿ ಒರೆಸಿಕೊಂಡು ಹೋಗುತ್ತಾನೆ. ಬಿಲ್ಲೆ ಇಟ್ಟರೆ ಲೆಕ್ಕ ಮುಗಿಯಿತು. ತಿರುಗಿ ನೋಡುವ ಮಾತಿಲ್ಲ.

ಬೇರೆ ಯಾರಾದರೂ ಇಟ್ಟಿದ್ದರೆ ಅವಳು ನಕ್ಕುಬಿಡುತ್ತಿದ್ದಳೇನೋ. ಆದರೆ ಇವನು... ನಿನ್ನೆ ಚಿಕ್ಕಮ್ಮನ ಮುಖಕ್ಕೆ ಬಿಸಿಲು ಬೀಳುತ್ತಿದ್ದಾಗ ಸುಮ್ಮನೆ ಗಾಡಿ ನಿಲ್ಲಿಸಿ, ಜೀಪಿನ ಪಕ್ಕಕ್ಕೆ ತನ್ನ ಟವೆಲ್ ಕಟ್ಟಿದವನು. ಅದನ್ನು ಗಮನಿಸಿದ್ದು ತಾನೊಬ್ಬಳೇ ಎಂದು ಅವಳು ತಿಳಿದಿದ್ದಳು. ಆಗಿನಿಂದ ಅವಳ ಕಣ್ಣು ಅವನ ಕಡೆಗೇ ಹೋಗುತ್ತಿತ್ತು.

ನಾಡಿದ್ದು ಔರಂಗಾಬಾದಿನಲ್ಲಿ ಹೋಟೆಲ್ ಮಾಲೀಕ ಜಯಕರರ ಮನೆಯವರು ತಮ್ಮ ಹುಡುಗನಿಗೆಂದು ಅವಳನ್ನು ನೋಡುವುದಿತ್ತು. ಚಿಕ್ಕಮ್ಮ ಕುಸುಮಾವತಿ ಜೊತೆಗೆ ಬಂದದ್ದೇ ಅದಕ್ಕೆ. ಹುಡುಗ ಒಪ್ಪಿದರೆ ಇವಳು ಹೂಂ ಅನ್ನಬೇಕು. ಅಷ್ಟೇ. ಕೌಂಟರಿನ ಮೇಲಿಟ್ಟ ಕಾಫಿಯ ಹಾಗೆ!

"ಅರೇ, ನಾನೇನು ಕೌಂಟರಾ? ಟೋಕನ್ ಇಟ್ರೆ ಆಯ್ತಾ, ಬೇಕಾದ್ದು ಎತ್ಕೊಂಡು ಹೋಗೂದಾ? ಬಾಯಲ್ಲಿ ಕೇಳ್ಲಿಕ್ಕೆ ಆಗೂದಿಲ್ವಾ?"

ಅವನು ಹೊರಬಂದು ಎದ್ದು ನಿಲ್ಲುವ ಮೊದಲೇ ಬಿಲ್ಲೆಯನ್ನು ಬೀಸಿ ಎಸೆದಳು. ಅದು ದಡದ ಜೊಂಡಿನ ನಡುವೆ, ಕೆಸರಿನಲ್ಲೆಲ್ಲೋ ಬಿತ್ತು.

ಚಿದಂಬರ ಆ ಕಡೆ ಒಮ್ಮೆ ನೋಡಿದ.

"ತಪ್ಪಾತ್ರಿ," ಎಂದನಷ್ಟೆ.

ಒಂದು ಗಂಟೆಯ ನಂತರ ಚೂರಿ ವಾಪಸ್ಸು ಬಂತು. ಅಲಗನ್ನು ತನ್ನ ಕಡೆ ಮಾಡಿ, ಹಿಡಿಯನ್ನು ಅವಳ ಕಡೆ ಚಾಚಿ ಕೊಟ್ಟ. ತೊಳೆದಿದ್ದ. ಎರಡು ವರ್ಷದಿಂದ ಅಲುಗಾಡುತ್ತಿದ್ದ ಹಿಡಿಗೆ ತಾಮ್ರದ ತಂತಿ ಸುತ್ತಿ ಬಿಗಿ ಮಾಡಿದ್ದ.

ಅವಳು ಅದನ್ನು ತೆಗೆದುಕೊಂಡು ಮಣೆಯ ಮೇಲಿಟ್ಟಳು. ಅವನು ಪ್ಯಾಂಟು ಮಡಚಿ ಜೊಂಡಿನೊಳಗೆ ಇಳಿದ.

ಪಾತ್ರೆ ತೊಳೆಯುತ್ತಿದ್ದ ತ್ಯಾಗರಾಜರು, ಕಾರ್ಖಾನೆಯಲ್ಲಿ ಅವನ ಮೇಲಿನವರು, ಅಲ್ಲಿಂದಲೇ ಕೂಗಿದರು.

"ಏನಯ್ಯಾ, ಮೀನು ಹಿಡೀತಿದ್ದೀಯಾ? ಕುಸುಮಾವತಿಯವರು ಊಟ ಹಾಕಲ್ಲ, ನೋಡ್ಕೊ!"

"ಬಿಲ್ಲೆ ಕಳಕೊಂಡೀನ್ರಿ ಸರ್."

ಕಳಕೊಂಡೀನಿ ಅಂದ... ಎಸೆದರು ಅನ್ನಲಿಲ್ಲ!

ತ್ಯಾಗರಾಜರ ನಗು ನಿಂತಿತು. "ನೀನಾ? ಬಿಲ್ಲೆನಾ?"

"ಅಷ್ಟು ದೊಡ್ಡದಾ ಅದು?" ವಾರಿಜಾ ಮೆಲ್ಲಗೆ ಕೇಳಿದಳು.

"ನೋಡಮ್ಮ, ನಮ್ಮಲ್ಲಿ ಒಂದು ಸ್ಪ್ಯಾನರ್ ತಗೊಂಡ್ರೂ ಅದರ ಜಾಗದಲ್ಲಿ ನಮ್ಮ ನಂಬರಿನ ಬಿಲ್ಲೆ ನೇತುಹಾಕ್ಬೇಕು. ಸ್ಪ್ಯಾನರ್ ವಾಪಸ್ ಬಂದು ಬಿಲ್ಲೆ ಕೈ ಸೇರೋವರೆಗೂ ವಿಮಾನ ಮೇಲೇಳಲ್ಲ. ಒಳಗೆ ಮರೆತುಬಿಟ್ರೆ ಹಾರಿಸೋನ ಪ್ರಾಣ ಹೋಗುತ್ತೆ. ಬಿಲ್ಲೆ ಇಟ್ಟ ಅಂದ್ರೆ, ತಿರುಗಿ ಬರ್ತೀನಿ, ಅಲ್ಲೀವರೆಗೂ ನನ್ನ ಹೆಸರು ನಿಮ್ಮ ಹತ್ರ ಇರ್ಲಿ ಅಂತ. ಇವನೋ, ನಮ್ಮ ಮನೆಯಿಂದ ಕೊಡೆ ಒಯ್ದರೂ ಬಿಲ್ಲೆ ಇಟ್ಟು ಹೋಗೋ ಪೈಕಿ!"

ವಾರಿಜಾ ಜೊಂಡಿನ ಕಡೆ ತಿರುಗಿದಳು.

ಮುಗಿಯಿತು ಎನ್ನಲು ಇಟ್ಟದ್ದಲ್ಲ... ತಿರುಗಿ ಬರುತ್ತೇನೆ ಎನ್ನಲು!

ಸೀರೆಯ ನೆರಿಗೆ ಎತ್ತಿ ಕಟ್ಟಿ ಅವಳೂ ಕೆಸರಿಗಿಳಿದಳು.

"ಬ್ಯಾಡ್ರಿ, ಜಾರ್ತದ!"

"ಎಸೆದವಳು ನಾನು. ನಾನೇ ಹುಡುಕ್ತೇನೆ."

ಇಬ್ಬರೂ ಬಗ್ಗಿ ಹುಡುಕುತ್ತಿದ್ದಾಗಲೇ ಆಚೆ ದಡದಿಂದ ಕುರಿ ಕಾಯುವವನೊಬ್ಬ ಕೈಬೀಸಿ ಅರಚಿದ. "ಪಾಣೀ ಸೋಡ್ಲಂಯ್! ನಿಘಾ, ನಿಘಾ!"

ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ಹೊರಡಿ ಎನ್ನುತ್ತಿದ್ದ.

ಡೇರೆಗಳು ಹತ್ತೇ ನಿಮಿಷದಲ್ಲಿ ಮಡಚಿಕೊಂಡವು. ಜೀಪು ಮುಂದೆ, ಮೆಟಡಾರ್ ಹಿಂದೆ. ನಡುದಾರಿಯಲ್ಲಿ ಮೆಟಡಾರ್ ಕೆಮ್ಮಿ ನಿಂತಿತು. ಚಿದಂಬರ ಹಗ್ಗ ಕಟ್ಟಿ, ಜೀಪಿನಿಂದ ಎಳೆದು ದಡ ಹತ್ತಿಸಿದ. ಬೆಳಿಗ್ಗೆ ಕೂಡಿಸಿದ ಪೈಪು ಒಂದು ಹನಿಯೂ ಸೋರಲಿಲ್ಲ.

ವಾರಿಜಾ ಹಿಂದಿರುಗಿ ನೋಡಿದಳು. ಜೊಂಡಿನ ತುದಿಗಳಷ್ಟೇ ನೀರಿನ ಮೇಲಿದ್ದವು.

ಸಂಜೆ ದಡದಲ್ಲಿ ಚಹಾ ಕುದಿಯಿತು. ಚಿಕ್ಕಮ್ಮ ಮದುವೆಗೆಂದು ನಾಶಿಕದ ಭಾಂಡೀ ಬಜಾರಿನಲ್ಲಿ ಕೊಂಡ ಆರು ಸ್ಟೀಲ್ ಲೋಟ ತಂದಿದ್ದಳು. ಅವುಗಳ ಮೇಲೆ ಚುಕ್ಕಿ ಚುಕ್ಕಿಯಾಗಿ 'ವಾರಿಜಾಕ್ಷಿ' ಎಂದು ಕನ್ನಡದಲ್ಲಿ ಹೊಡೆಸಿದ್ದಳು. ಕನ್ನಡ ಬಾರದ ಅಂಗಡಿಯವನು ಚೀಟಿ ನೋಡಿ ಬಿಡಿಸಿದ್ದ ಅಕ್ಷರಗಳು ಸ್ವಲ್ಪ ಸೊಟ್ಟಗಿದ್ದವು.

ಒಂದು ಲೋಟದಲ್ಲಿ ಚಹಾ ಸುರಿದು, ವಾರಿಜಾ ಅದನ್ನು ಜೀಪಿನ ಬಾನೆಟ್ ಮೇಲಿಟ್ಟಳು.

"ನಿಮ್ಮ ಬಿಲ್ಲೆ ನಾನು ಕಳೆದೆ. ಅದು ಸಿಗೂವರೆಗೆ... ನನ್ನ ಹೆಸರು ನಿಮ್ಮ ಹತ್ರ ಇರ್ಲಿ."

ಚಿದಂಬರ ಲೋಟ ತಿರುಗಿಸಿ ಹೆಸರು ಓದಿದ. ಬಹಳ ಹೊತ್ತು ಓದಿದ.

"ಒಂದು ಖರೇ ಮಾತು ಹೇಳಲೇನ್ರಿ? ನನ್ನ ಕಿಸೇದಾಗೂ ಒಂದು ಚಾಕು ಇತ್ತು."

"ಮತ್ತೆ?!"

"ನಿಮ್ಮದು ತಗೊಂಡ್ರ ವಾಪಸ್ ಕೊಡಲಿಕ್ಕೆ ಬರಬೇಕಾಗ್ತದ... ಎರಡು ಮಾತು ಆಡಬಹುದು ಅಂತ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ.

"ವಾರಿಜಾ!" ಒಲೆಯ ಬಳಿಯಿಂದ ಚಿಕ್ಕಮ್ಮನ ದನಿ. "ಐದೇ ಉಂಟಲ್ಲ ಮಾರಾಯ್ತಿ, ಆರನೇ ಲೋಟ ಎಲ್ಲಿ?"

ವಾರಿಜಾ ಅವಳ ಬಳಿಗೆ ಹೋದಳು. "ಕೊಟ್ಟೆ ಚಿಕ್ಕಮ್ಮ."

ಕುಸುಮಾವತಿ ಜೀಪಿನ ಕಡೆ ನೋಡಿದಳು. ಆಮೇಲೆ ವಾರಿಜಾಳ ಮುಖ ನೋಡಿದಳು.

"ಹಾಗಾದ್ರೆ ಜಯಕರರ ಮನೆಯವರಿಗೆ ಎಂತ ಹೇಳುದು?"

"ಹುಡುಗಿಗೆ ಮನಸ್ಸಿಲ್ಲ ಅಂತ ಹೇಳಿ."

ಚಿಕ್ಕಮ್ಮ ಉಳಿದ ಐದು ಲೋಟಗಳನ್ನು ಒರೆಸಿ ಬುಟ್ಟಿಗಿಟ್ಟಳು.

"ನಿನ್ನ ಅಪ್ಪ ಹಾರಾಡ್ತಾರೆ. ಹಾರಾಡ್ಲಿ, ನಾನು ಮಾತಾಡ್ತೇನೆ. ಆ ಟವೆಲ್ ಕಟ್ಟಿದ್ದು... ನಾನೂ ಕಂಡಿದ್ದೇನೆ."

ವಾರಿಜಾ ಮತ್ತೆ ಜೀಪಿನ ಬಳಿ ಬಂದಾಗ ಲೋಟ ಖಾಲಿಯಾಗಿತ್ತು. ಚಿದಂಬರ ಅದನ್ನು ತೊಳೆದು, ತನ್ನ ಕರವಸ್ತ್ರದಲ್ಲಿ ಸುತ್ತುತ್ತಿದ್ದ.

"ಕಾರ್ಖಾನೆಯಲ್ಲಿ ಏನು ಹೇಳ್ತೀರಿ?"

"ಗೋದಾವರಿಗೆ ಬಿತ್ತು ಅಂತ ಬರಕೊಡ್ತೀನ್ರಿ." ಅವನು ಕತ್ತಲಾಗುತ್ತಿದ್ದ ನೀರಿನ ಕಡೆ ನೋಡಿದ. "ಬ್ಯಾಸಗ್ಯಾಗ ನೀರು ಇಳೀತದ. ಆವಾಗ ಸಿಕ್ಕರ?"

ಅವಳು ತಲೆ ತಗ್ಗಿಸಿದಳು.

"ಹುಡುಕ್ಬೇಡಿ."