ಎಫ್ರಿಕ್ ಹಿಂದಕ್ಕೆ ಪಡೆದ ಶಾಪ

“ಬೇರೆ ಏನಾದ್ರೂ ಮಾಡಿ ಸ್ವಾಮಿ, ಫಿನ್ಲೆಯ ನಿದ್ದೆ ಮಾತ್ರ ಕೆಡಿಸಬೇಡಿ,” ಎಂದ ಸೆರೆಮನೆ ಕಾಯುವ ಮುದುಕ ಸಾಂಡರ್ಸ್. “ಅವನ ತಾಯಿ ಎಫ್ರಿಕ್ ಕೂದಲು ಬಿಚ್ಚಿ, ಬರಿ ಮಂಡಿ ಕಲ್ಲಿಗೂರಿ ಒಂದು ಮಾತು ಆಡಿದ್ಲು ಅಂದ್ರೆ, ಅದು ಗಾಳೀಲಿ ಹೋಗಲ್ಲ. ಎಲ್ಲಾದ್ರೂ ಒಂದು ಕಡೆ ಕೂರಲೇಬೇಕು.”

ಗಿಲ್ಬರ್ಟ್ ಪ್ರಿಂಗಲ್ ನಕ್ಕ. ಎಡಿನ್‌ಬರೋದಲ್ಲಿ ಕಾನೂನು ಓದಿ, ಈ ಗುಡ್ಡದೂರಿಗೆ ವಿಚಾರಣೆಯ ಅಧಿಕಾರಿಯಾಗಿ ಬಂದು ಅವನಿಗಿನ್ನೂ ವಾರವಾಗಿರಲಿಲ್ಲ. “ಕೂರಲಿ ಬಿಡಜ್ಜಾ. ನನ್ನ ಕೋಣೇಲಿ ಒಂದು ಕುರ್ಚಿ ಖಾಲಿ ಇದೆ.”

ಸಾಂಡರ್ಸ್ ನಗಲಿಲ್ಲ. ಸೆರೆಗುಂಡಿಯ ಬೀಗ ತೆಗೆದ.

ಚರ್ಚಿನ ಬೆಳ್ಳಿಯ ಬಟ್ಟಲನ್ನು ಹೊತ್ತು ತರುತ್ತಿದ್ದ ಸಾಮಾನಿನ ಗಾಡಿಯವನನ್ನು ಬಯಲುದಾರಿಯಲ್ಲಿ ಯಾರೋ ಹೊಡೆದು ಕೆಡವಿ ದೋಚಿದ್ದರಂತೆ. ಮರುದಿನ ಅದೇ ದಾರಿಯಲ್ಲಿ ಸಿಕ್ಕವನು ದನಗಾಹಿ ಫಿನ್ಲೆ. ಅವನ ಅಂಗಿಯ ತೋಳಿನ ಮೇಲೆ ರಕ್ತ ಒಣಗಿತ್ತು. “ಹಸುವಿನದು,” ಎಂದಿದ್ದ. ಗಿಲ್ಬರ್ಟ್ ಅದಕ್ಕೂ ನಕ್ಕಿದ್ದ. ಹೊಸ ಬೆಳೆ ಬರುವ ಮುಂಚಿನ ಬರಿಗೈ ತಿಂಗಳುಗಳಲ್ಲಿ ಗುಡ್ಡದ ಜನ ಹಸುವಿನ ಕುತ್ತಿಗೆಗೆ ಚೂರೇ ಗಾಯ ಮಾಡಿ, ಒಂದು ಬೋಗುಣಿ ರಕ್ತ ಹಿಡಿದು, ಓಟ್ಸ್ ಹಿಟ್ಟಿನೊಂದಿಗೆ ಬೇಯಿಸಿ ಉಣ್ಣುತ್ತಾರೆ. ಊರಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ತಮ್ಮ ಹಸಿವನ್ನು ಪಟ್ಟಣದವನ ಮುಂದೆ ಹೇಳಿಕೊಳ್ಳಲು ಎಲ್ಲರಿಗೂ ನಾಚಿಕೆ. ಯಾರೂ ಬಾಯಿ ಬಿಡಲಿಲ್ಲ.

ನೆಲದಡಿಯ ಆ ಗುಂಡಿಗೆ ನಡುಹಗಲಲ್ಲೂ ಬೆಳಕಿಲ್ಲ. ಕೊಳೆತ ಹುಲ್ಲು, ಮೂತ್ರ, ತುಕ್ಕು ಹಿಡಿದ ಸರಪಳಿಯ ವಾಸನೆ. ಫಿನ್ಲೆಯ ರೆಪ್ಪೆ ಬಾಗಿದೊಡನೆ ಒಬ್ಬ ಕಾವಲುಗಾರ ಸೂಜಿ ಚುಚ್ಚುತ್ತಿದ್ದ, ಇನ್ನೊಬ್ಬ ಕಬ್ಬಿಣದ ಸೌಟನ್ನು ಗೋಡೆಗೆ ಬಡಿಯುತ್ತಿದ್ದ. ಗಿಲ್ಬರ್ಟ್ ಕೇಳುತ್ತಿದ್ದ: “ಏಳು. ಬಟ್ಟಲೆಲ್ಲಿ?”

ಸೆರೆಯವರಿಗೆ ಊಟ ಅವರ ಮನೆಯಿಂದಲೇ ಬರಬೇಕು. ಎಫ್ರಿಕ್ ದಿನವೂ ಮಧ್ಯಾಹ್ನ ಓಟ್ಸ್ ರೊಟ್ಟಿ ಹಿಡಿದು ಬಂದು ನಿಲ್ಲುತ್ತಿದ್ದಳು. “ಒಂದು ಗಳಿಗೆ ಮಲಗಕ್ಕೆ ಬಿಡಪ್ಪಾ. ರೊಟ್ಟಿ ಅಗಿಯೋ ಶಕ್ತೀನೂ ಇಲ್ಲ ಅವನಿಗೆ.”

“ಮೊದಲು ಬಾಯಿ ಬಿಡಲಿ ತಾಯೀ. ಆಮೇಲೆ ಅಗಿಯೋ ವಿಚಾರ.”

ನಾಲ್ಕನೆಯ ದಿನ ಫಿನ್ಲೆ ಬಾಯಿ ಬಿಟ್ಟ. “ನಾನೇ ತಗೊಂಡೆ. ಗಿರಣಿ ಕಲ್ಲಿನ ಕೆಳಗಿದೆ. ಇನ್ನು ಮಲಗ್ಲಾ?”

ಕಲ್ಲೆತ್ತಿ ನೋಡಿದರು. ಹಿಟ್ಟಿನ ಧೂಳು ಬಿಟ್ಟು ಏನೂ ಇರಲಿಲ್ಲ. “ಎಬ್ಬಿಸಿ ಅವನನ್ನ,” ಎಂದ ಗಿಲ್ಬರ್ಟ್. ಐದನೆಯ ದಿನ ಎಷ್ಟು ಸೌಟು ಬಡಿದರೂ ಫಿನ್ಲೆ ಏಳಲಿಲ್ಲ.

ಎಫ್ರಿಕ್ ಅಳಲಿಲ್ಲ. ಸಂತೆಬೀದಿಯ ನಡುವೆ, ಹಾಡುಹಗಲಲ್ಲಿ, ತಲೆವಸ್ತ್ರ ಕಳಚಿ ನರೆಗೂದಲು ಹರಡಿದಳು. ಬರಿ ಮಂಡಿಯನ್ನು ಕಲ್ಲಿಗೂರಿದಳು. “ನನ್ನ ಮಗನಿಂದ ಕಿತ್ತ ನಿದ್ದೆ ನಿನ್ನ ಕಣ್ಣಿಗೂ ಬಾರದಿರಲಿ. ನಿನ್ನ ದನಿಯೇ ನಿನ್ನ ಎಬ್ಬಿಸಲಿ.”

ಅದೇ ವಾರ ಬಟ್ಟಲು ಸಿಕ್ಕಿತು, ಗಾಡಿಯವನ ಮನೆಯ ಹಿಟ್ಟಿನ ಪೆಟ್ಟಿಗೆಯಲ್ಲೇ. ತಲೆಗೆ ತಾನೇ ಗಾಯ ಮಾಡಿಕೊಂಡಿದ್ದನಂತೆ. ‘ಫಿನ್ಲೆ ನಿರ್ದೋಷಿ’ ಎಂದು ಗಿಲ್ಬರ್ಟ್ ಕಾಗದದಲ್ಲಿ ಬರೆದ. ಶಾಯಿ ಆರುವ ಮುನ್ನ ಅವನ ತಲೆ ತೂಗಿತು.

ಠಣ್.

“ಏಳು. ಬಟ್ಟಲೆಲ್ಲಿ?”

ಅವನದೇ ದನಿ. ಕೋಣೆಯಲ್ಲಿ ಯಾರೂ ಇಲ್ಲ.

ಚರ್ಚಿನ ಬೆಂಚಿನಲ್ಲಿ ರೆಪ್ಪೆ ಮುಚ್ಚಿದ. ಠಣ್. ಕುದುರೆಯ ಮೇಲೆ. ಠಣ್. ದಿಂಬಿನಿಂದ ಕೊಳೆತ ಹುಲ್ಲಿನ ವಾಸನೆ ಬಂತು. ಸೌಟನ್ನು ಹೊಳೆಗೆಸೆದ. ಹೊಳೆಯೊಳಗಿಂದ ಸದ್ದು ಬಂತು. ತೋಳು ನೋಡಿಕೊಂಡ. ಸೂಜಿ ಚುಚ್ಚಿದ ಕೆಂಪು ಚುಕ್ಕೆಗಳು. ಒಂದು ಸಾಲು. ಬೆಳಗಾದರೆ ಎರಡು. ದೇವರನ್ನು ಕರೆಯಲು ಬಾಯಿ ತೆರೆದ. ಬಾಯಿಂದ ಬಂದದ್ದು, “ಬಟ್ಟಲೆಲ್ಲಿ?”

ಒಂಬತ್ತನೆಯ ದಿನ ಅವನು ತಾನಾಗಿಯೇ ಗುಂಡಿಗಿಳಿದ. ಫಿನ್ಲೆ ಮಲಗಿದ್ದ ಹುಲ್ಲಿನ ಮೇಲೆ ಬಿದ್ದು ಕತ್ತಲಿಗೆ ಕೈಮುಗಿದ. “ನಾನೇ ತಗೊಂಡೆ. ಗಿರಣಿ ಕಲ್ಲಿನ ಕೆಳಗಿದೆ. ಇನ್ನು ಮಲಗ್ಲಾ?”

“ಎಬ್ಬಿಸಿ ಅವನನ್ನ,” ಎಂದಿತು ಅವನ ದನಿ.

ಸಾಂಡರ್ಸ್‌ಗೆ ನೋಡಲಾಗಲಿಲ್ಲ. ಗುಡ್ಡ ಹತ್ತಿ ಹೋಗಿ ಎಫ್ರಿಕ್‌ಗೆ ಹೇಳಿದ. ಮಧ್ಯಾಹ್ನ ಎಫ್ರಿಕ್ ಎಂದಿನ ಹೊತ್ತಿಗೇ ಬಂದಳು, ಮಡಿಲಲ್ಲಿ ಒಂದು ರೊಟ್ಟಿ.

“ಇವನಿಗೆ ಊಟ ತರೋಕೆ ಈ ಊರಲ್ಲಿ ಯಾರೂ ಇಲ್ವಂತಲ್ಲ,” ಎಂದಳು.

“ಆಡಿದ ಮಾತು ವಾಪಸ್ ತಗೋತೀಯಾ ಎಫ್ರಿಕ್? ತಗೊಂಡು ಎಲ್ಲಿಡ್ತೀಯಾ?”

“ಇಡೋಕೆ ನನ್ನ ಹತ್ರ ಇನ್ನೇನಿದೆ ಸಾಂಡರ್ಸ್, ನನ್ನನ್ನ ಬಿಟ್ಟು.”

ಹುಲ್ಲಿನ ಮೇಲೆ ಕೂತು ಅವನ ತಲೆಯನ್ನು ಮಡಿಲಿಗೆಳೆದುಕೊಂಡಳು. ಗುಡ್ಡದ ಭಾಷೆಯಲ್ಲಿ ದೇವರೊಡನೆ ಬಹಳ ಹೊತ್ತು ಮಾತಾಡಿದಳು. ಬಿಚ್ಚಿದ್ದ ಕೂದಲನ್ನು ನಿಧಾನವಾಗಿ ಕಟ್ಟಿದಳು. ಕಡೆಗೆ ಅವನ ರೆಪ್ಪೆಗಳ ಮೇಲೆ ಅಂಗೈ ಇಟ್ಟಳು.

ಗಿಲ್ಬರ್ಟ್ ಎರಡು ಹಗಲು ಎರಡು ಇರುಳು ನಿದ್ರಿಸಿದ. ಎದ್ದಾಗ ತಲೆಯ ಬಳಿ ರೊಟ್ಟಿ ಮಾತ್ರ ಇತ್ತು. ಅದನ್ನು ಎದೆಗವಚಿಕೊಂಡು ಗುಡ್ಡ ಹತ್ತಿದ.

ಎಳೆಬಿಸಿಲಲ್ಲಿ ಎಫ್ರಿಕ್ ಹೊಸ್ತಿಲ ಮೇಲೆ ಕೂತಿದ್ದಳು. ಕೆಂಡದಂಥ ಕಣ್ಣು. ಬತ್ತಿದ ತೋಳಿನುದ್ದಕ್ಕೂ ಕೆಂಪು ಚುಕ್ಕೆಗಳು. ಎಲ್ಲೋ ಲೋಹ ಬಡಿದಂತೆ ಬೆಚ್ಚಿಬಿದ್ದಳು. ಅವನಿಗೆ ಮಾತ್ರ ಏನೂ ಕೇಳಿಸಲಿಲ್ಲ.

“ಬಾ,” ಎಂದಳು. “ಅವತ್ತಿಂದ ನಿನ್ನ ದನೀನೇ ಕೇಳ್ತಿತ್ತು, ಈಗ ನೀನೇ ಬಂದೆ.” ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. “ನಿದ್ದೆ ಚೆನ್ನಾಗಿ ಬಂತಾ ಮಗೂ?”