ಅಪ್ಪನ ಕಂಪ್ಯೂಟರ್‌ಗೆ ಹೊಸ ಬ್ಯಾಟರಿ

“ನೀನಾ...!”

ಕುಮಾರಸ್ವಾಮಿ ಲೇಔಟ್‌ನ ಆ ಪುಟ್ಟ ರಿಪೇರಿ ಅಂಗಡಿಯ ಬಾಗಿಲಲ್ಲೇ ಬಿಂದುಶ್ರೀ ನಿಂತುಬಿಟ್ಟಳು. ತೋಳಲ್ಲಿದ್ದ ಹಳೆಯ ಕಂಪ್ಯೂಟರ್‌ನ ಭಾರವೂ ಮರೆತುಹೋಯಿತು.

ಒಳಗಿದ್ದವನು ಮಹಾಂತೇಶ್. ಐದು ವರ್ಷಗಳ ಹಿಂದೆ ‘ಭಾನುವಾರ ಬಂದು ನಿಮ್ಮಪ್ಪನ ಹತ್ರ ಮಾತಾಡ್ತೀನಿ’ ಎಂದವನು, ಬರಲೇ ಇಲ್ಲ. ಆಮೇಲೆ ಫೋನೂ ಎತ್ತಲಿಲ್ಲ.

‘ಅಪ್ಪಾ, ಈ ಅಂಗಡಿಯೇ ಬೇಕಿತ್ತಾ ನಿನಗೆ?’

ಆಸ್ಪತ್ರೆಯಲ್ಲಿ ವಿಳಾಸ ಕೊಟ್ಟು, “ಬೇರೆ ಯಾರಿಗೂ ಕೊಡ್ಬೇಡಮ್ಮ, ಅಲ್ಲೇ ರಿಪೇರಿ ಮಾಡ್ಸು” ಎಂದಿದ್ದರು ಅಪ್ಪ. ಅಮ್ಮ ತೀರಿಕೊಂಡ ಮೇಲೆ, ಅಮ್ಮನಿಗೇ ಪತ್ರ ಬರೆದಂತೆ ಅವರು ದಿನವೂ ಏನೋ ಬರೆಯುತ್ತಿದ್ದುದು ಇದರಲ್ಲೇ.

“ಅಪ್ಪ ಹೋಗಿ ನಾಲ್ಕು ತಿಂಗಳಾಯ್ತು,” ಎಂದಳು ಅವನ ಮುಖ ನೋಡದೆ. “ಅವ್ರು ಬರೆದಿದ್ದು ಬೇಕು. ಆನ್ ಆಗುತ್ತೆ, ಒಳಗೇನೂ ಕಾಣಲ್ಲ. ಆಗಲ್ಲ ಅಂದ್ರೆ ಹೇಳ್ಬಿಡಿ.”

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಮೇಜಿನ ಮೇಲೆ ಬಿತ್ತು.

“ಹೋದ್ರಾ...? ನನಗೆ ಗೊತ್ತೇ ಆಗ್ಲಿಲ್ಲ.” ಕಂಪ್ಯೂಟರನ್ನು ಅವಳ ತೋಳಿನಿಂದ ಇಳಿಸಿಕೊಂಡು, “ಕೂತ್ಕೊಳ್ಳಿ, ನೋಡ್ತೀನಿ,” ಎಂದ.

ಕೂತ್ಕೊಳ್ಳಿ! ಒಂದು ಕಾಲದಲ್ಲಿ ‘ಬಾರೇ ಬಿಂದು’ ಎನ್ನುತ್ತಿದ್ದವನು...

ಬಿಚ್ಚಿ ನೋಡಿದರೆ, ಒಳಗೆ ನಾಣ್ಯದಂಥ ಪುಟ್ಟ ಬ್ಯಾಟರಿ ಸತ್ತು, ಸುತ್ತ ಹಸಿರು ಕಿಲುಬು ಕಟ್ಟಿತ್ತು. ಅವನು ಮೆತ್ತಗೆ ಬ್ರಷ್‌ನಲ್ಲಿ ಉಜ್ಜಿ ತೆಗೆದು ಹೊಸದನ್ನು ಕೂರಿಸಿದ.

“ಇದು ಸತ್ರೆ ಡಿಸ್ಕ್ ಯಾವ್ದು ಅಂತ ಕಂಪ್ಯೂಟರ್‌ಗೆ ಗೊತ್ತಾಗಲ್ಲ. ಬರೆದಿದ್ದು ಹೋಗಿರಲ್ಲ.”

ಡಿಸ್ಕಿನ ವಿವರ, ಇವತ್ತಿನ ತಾರೀಖು ಎಲ್ಲವನ್ನೂ ಟೈಪ್ ಮಾಡಿದ. ಪರದೆಯ ಮೇಲೆ ಅಮ್ಮನ ಹೆಸರಿನ ಫೈಲ್ ತೆರೆದುಕೊಂಡಿತು.

‘ಗೌರಾ, ಇವತ್ತು ಹುಳಿಗೆ ಉಪ್ಪು ಜಾಸ್ತಿ ಆಯ್ತು. ಬಿಂದು ಏನೂ ಅನ್ನದೆ ತಿಂದಳು.’

ಅಷ್ಟೇ ಸಾಕಾಯಿತು. ಅವಳು ಬಿಕ್ಕಿಬಿಕ್ಕಿ ಅತ್ತಳು.

“ಆ ಭಾನುವಾರ ನಾನು ಬಂದಿದ್ದೆ, ಬಿಂದು.”

“ಸುಳ್ಳು!”

“ನಿಮ್ಮಪ್ಪ ಗೇಟಲ್ಲೇ ತಡೆದ್ರು. ‘ನಿಮ್ಮ ಜಾತಿ ಬೇರೆ, ನಮ್ಮ ಜಾತಿ ಬೇರೆ. ಹೆಂಡ್ತಿ ಹೋಗಿ ಎರಡು ತಿಂಗಳಾಗಿಲ್ಲ, ಮಗಳನ್ನೂ ಕರ್ಕೊಂಡು ಹೋದ್ರೆ ನಾನೇನಪ್ಪ ಮಾಡ್ಲಿ?’ ಅಂತ ಅತ್ತುಬಿಟ್ರು. ನಿನಗೆ ಹೇಳಲ್ಲ ಅಂತ ಮಾತು ಕೊಟ್ಟೆ. ಹೋದ ವರ್ಷ ಅವ್ರೇ ನನ್ನ ಹುಡುಕ್ಕೊಂಡು ಬಂದ್ರು. ‘ತಪ್ಪಾಯ್ತು, ಅವಳಿಗೆ ಹೇಳೋ ಧೈರ್ಯ ನನಗಿಲ್ಲ’ ಅಂದ್ರು. ಕಂಪ್ಯೂಟರ್ ತಾರೀಖು ತಪ್ಪು ತೋರಿಸ್ತಿದೆ ಅಂದ್ರು. ಮನೆಗೆ ಬಂದು ಬ್ಯಾಟರಿ ಹಾಕ್ತೀನಿ ಅಂದೆ. ‘ಬೇಡಪ್ಪ, ನನ್ನ ಮಗಳು ತರ್ತಾಳೆ’ ಅಂದ್ರು.”

ಜಗಳವಾಡೋಣವೆಂದರೆ ಅಪ್ಪನಿಲ್ಲ. ಅಪ್ಪಿಕೊಳ್ಳೋಣವೆಂದರೂ ಇಲ್ಲ...

“ಇಬ್ರೂ ಸೇರಿ ನನ್ನ ಐದು ವರ್ಷ ತಿಂದ್ಬಿಟ್ರಿ!”

“ಹೌದು.” ಅವನ ಕಣ್ಣೂ ತುಂಬಿತ್ತು. “ಒಂದು ದಿನಾನೂ ನಿನ್ನ ಮರೀಲಿಲ್ಲ.”

ಅವಳು ಮತ್ತೆ ಪರದೆಯ ಕಡೆ ತಿರುಗಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇದನ್ನ ಒಬ್ಳೇ ಓದೋಕೆ ನನ್ನ ಕೈಲಿ ಆಗಲ್ಲ, ಮಹಾಂತೇಶ್.”

ಅವನು ಸ್ಟೂಲ್ ಎಳೆದುಕೊಂಡು ಪಕ್ಕ ಕೂತ. “ಜೋರಾಗಿ ಓದು. ನಾನೂ ಕೇಳ್ತೀನಿ.”

“ಎದ್ದು ಹೋಗಲ್ಲ ತಾನೇ?”

“ಇಲ್ಲ ಕಣೇ... ಓದು.”